ಹಳೆಯ ಸೆಸ್ನಾ ಕೊಳ್ಳುವ ಮುನ್ನ: ಮೂಡಿಗೆರೆಯ ಬೆಳೆಗಾರರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರ, ವಯಸ್ಸು 46. ಎರಡು ವರ್ಷಗಳ ಹಿಂದೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಪಡೆದೆ. ಈವರೆಗೆ ಒಟ್ಟು 62 ಗಂಟೆ ಹಾರಿದ್ದೇನೆ. ಉತ್ತರ ಭಾರತದಲ್ಲಿ 1979ರ ಸೆಸ್ನಾ 172ಎನ್ ವಿಮಾನವೊಂದು ಮಾರಾಟಕ್ಕೆ ಬಂದಿದೆ. ಒಟ್ಟು 6,400 ಗಂಟೆ ಹಾರಿದೆ, ಎಂಜಿನ್ ಓವರ್‌ಹಾಲ್ ಆದ ಮೇಲೆ 900 ಗಂಟೆ ಓಡಿದೆ, ಆದರೆ ಆ ಓವರ್‌ಹಾಲ್ ಆದದ್ದು 15 ವರ್ಷಗಳ ಹಿಂದೆ. ಕಳೆದ ಮೂರು ವರ್ಷಗಳಲ್ಲಿ 20 ಗಂಟೆಯೂ ಹಾರಿಲ್ಲ. “ಕಡಿಮೆ ಓಡಿದೆ, ವಾರಕ್ಕೊಮ್ಮೆ ತಪ್ಪದೆ ಸ್ಟಾರ್ಟ್ ಮಾಡಿದ್ದೇವೆ” ಎಂದು ಮಾರುವವರು ಹೇಳುತ್ತಾರೆ. ಮನೆಯಲ್ಲಿ ಅಮ್ಮನೂ ಹೆಂಡತಿಯೂ ಒಪ್ಪುತ್ತಿಲ್ಲ. ಒಂದೇ ಎಂಜಿನ್, ಅದು ನಿಂತರೆ ಕಲ್ಲಿನ ಹಾಗೆ ಬೀಳುತ್ತದೆ ಎಂಬ ಹೆದರಿಕೆ ಅವರದು. ತೆಗೆದುಕೊಳ್ಳುವುದೇ ಆದರೆ ಎರಡು ಎಂಜಿನ್ನಿನದು ತೆಗೆದುಕೊಳ್ಳಿ ಎಂದು ಮಾವನವರು ಹೇಳುತ್ತಾರೆ. 15 ವರ್ಷದ ಕಾರನ್ನೇ ಗುಜರಿಗೆ ಹಾಕುವ ಕಾಲದಲ್ಲಿ 1979ರ ವಿಮಾನವೇ ಎಂದು ಗೆಳೆಯರು ಕೇಳುತ್ತಾರೆ. ತೋಟದ ಕೆಳಗಿನ ಹಳೆಯ ಗದ್ದೆ ಬಯಲಿನಲ್ಲಿ ಸುಮಾರು 600 ಮೀಟರ್ ಸಮತಟ್ಟು ಜಾಗವಿದೆ. ವಿಮಾನವನ್ನು ಅಲ್ಲಿಯೇ ಇಳಿಸಿ ಇಟ್ಟುಕೊಳ್ಳಬಹುದೇ? ಒಟ್ಟಿನಲ್ಲಿ, ಕೊಳ್ಳಲೇ, ಬಿಡಲೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು, ಆದರೆ ಎಲ್ಲದರ ಅಡಿಯಲ್ಲಿರುವ ಆತಂಕ ಒಂದೇ: ಈ ವಿಮಾನ ಹತ್ತಿದರೆ ಕ್ಷೇಮವಾಗಿ ಮನೆಗೆ ಮರಳುತ್ತೇನೆಯೇ ಎಂಬುದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಲಘು ವಿಮಾನಗಳ ಎಂಜಿನಿಯರ್ ಆಗಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಹಾರಾಟದ ಬೋಧಕನೂ ಆಗಿ ಕೆಲಸ ಮಾಡಿದವನು ನಾನು. ಆ ಅನುಭವದಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯವರನ್ನು ಕಾಡುತ್ತಿರುವ ಭಯಕ್ಕೆ ಸಮಾಧಾನ ಹೇಳಬಹುದು. ಮಾರುವವರು ಹೆಮ್ಮೆಯಿಂದ ಹೇಳುತ್ತಿರುವ “ಕಡಿಮೆ ಓಡಿದೆ” ಎಂಬ ಮಾತು ಮಾತ್ರ ನನಗೆ ಚಿಂತೆ ಹುಟ್ಟಿಸುತ್ತದೆ. ಇವೆರಡಕ್ಕಿಂತಲೂ ಹೆಚ್ಚು ತೂಕದ ವಿಷಯ ನಿಮ್ಮ ಪತ್ರದಲ್ಲಿ ಎಲ್ಲಿಯೂ ಬಂದಿಲ್ಲ, ಅದು ನಿಮ್ಮ ಊರಿನ ಮೋಡ.

ಮೊದಲು ಅಮ್ಮನವರ ಪ್ರಶ್ನೆ. ಎಂಜಿನ್ ನಿಂತ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. ವಿಮಾನವನ್ನು ಎತ್ತಿ ಹಿಡಿದಿರುವುದು ರೆಕ್ಕೆಯ ಸುತ್ತ ಹರಿಯುವ ಗಾಳಿ. ಎಂಜಿನ್ ಮಾಡುವ ಕೆಲಸ ಆ ಹರಿವಿಗೆ ಬೇಕಾದ ವೇಗವನ್ನು ಒದಗಿಸುವುದು. ಎಂಜಿನ್ ನಿಂತಾಗ ಮೂತಿಯನ್ನು ಸ್ವಲ್ಪ ಕೆಳಗೆ ಮಾಡಿದರೆ ಅದೇ ವೇಗವನ್ನು ಎತ್ತರದಿಂದ ಪಡೆಯಬಹುದು, ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸೈಕಲ್ ಸಾಗುವ ಹಾಗೆ. ಸೆಸ್ನಾ 172 ಸುಮಾರು 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ವೇಗದಲ್ಲಿ ತೇಲುತ್ತಾ ಇಳಿಯುವಾಗ ಒಂದು ಅಡಿ ಎತ್ತರ ಕಳೆದುಕೊಂಡರೆ ಸುಮಾರು ಒಂಬತ್ತು ಅಡಿ ಮುಂದೆ ಸಾಗುತ್ತದೆ. ನೆಲದಿಂದ 3,000 ಅಡಿ ಮೇಲೆ ಎಂಜಿನ್ ನಿಂತಿತೆಂದರೆ ಗಾಳಿಯಿಲ್ಲದ ದಿನ ಸುಮಾರು ಎಂಟು ಕಿಲೋಮೀಟರ್ ದೂರವೂ ನಾಲ್ಕು ನಿಮಿಷದಷ್ಟು ಸಮಯವೂ ನಿಮ್ಮ ಕೈಯಲ್ಲಿರುತ್ತದೆ. ಈ ನಾಲ್ಕು ನಿಮಿಷವನ್ನು ಹೇಗೆ ಬಳಸಬೇಕೆಂದು ನಿಮಗೆ ಕಲಿಸಿರುತ್ತಾರೆ. ಕಲಿತದ್ದನ್ನು ಆರು ತಿಂಗಳಿಗೊಮ್ಮೆಯಾದರೂ ಬೋಧಕರ ಜೊತೆ ಕುಳಿತು ಮತ್ತೆ ಮಾಡಿ ನೋಡುತ್ತೀರಾ ಎಂಬುದಷ್ಟೇ ಪ್ರಶ್ನೆ.

ಆದರೆ ಅಮ್ಮನವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಏಕೆಂದರೆ ತೇಲಿಕೊಂಡು ಎಲ್ಲಿಗೆ ಹೋಗುತ್ತೀರಿ ಎಂಬುದೂ ಇದೆ. ಅರಸೀಕೆರೆ, ಜಾವಗಲ್ ಕಡೆಯ ಬಯಲಿನಲ್ಲಿ ಎಂಜಿನ್ ನಿಂತರೆ ತೆಂಗಿನ ತೋಟಗಳ ನಡುವೆ ಕೊಯ್ಲಾದ ರಾಗಿ ಹೊಲವೊಂದು ಸಿಕ್ಕೇ ಸಿಗುತ್ತದೆ. ಸಕಲೇಶಪುರದಿಂದ ಪಶ್ಚಿಮಕ್ಕೆ ಅಥವಾ ನಿಮ್ಮ ದೇವರಮನೆಯ ಕಡೆಗೆ ಹೋದರೆ ಕೆಳಗಿರುವುದು ಇಳಿಜಾರು, ನೆರಳುಮರ ಮತ್ತು ಕಾಡು. ಅಲ್ಲಿ ಹಾರುವಾಗ ಕಾಫಿ ಕಣ, ಶಾಲೆಯ ಮೈದಾನ, ಗದ್ದೆ ಬಯಲು ಇವುಗಳಲ್ಲಿ ಯಾವುದು ಕೈಗೆಟುಕುವ ದೂರದಲ್ಲಿದೆ ಎಂಬ ಲೆಕ್ಕ ಮನಸ್ಸಿನಲ್ಲಿ ಸದಾ ಓಡುತ್ತಿರಬೇಕು. ಏನೂ ಸಿಗದಿದ್ದರೆ ಮರಗಳ ನೆತ್ತಿಯ ಮೇಲೆಯೇ ಇಳಿಸಬೇಕಾಗುತ್ತದೆ. ಆಗಲೂ ವಿಮಾನ ಹಿಡಿತದಲ್ಲಿದ್ದು ಕಡಿಮೆ ವೇಗದಲ್ಲಿ ಇಳಿದರೆ ಬದುಕುಳಿಯುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. 70 ನಾಟ್‌ನಲ್ಲಿ ಬಡಿದರೆ ಆಗುವ ಹೊಡೆತ 50 ನಾಟ್‌ನಲ್ಲಿ ಬಡಿದದ್ದರ ಎರಡರಷ್ಟು. ಇಂಥ ಸಂದರ್ಭಗಳಲ್ಲಿ ಸಾಯುವವರಲ್ಲಿ ಬಹಳ ಮಂದಿ, ಎಂಜಿನ್ ನಿಂತ ಗಾಬರಿಯಲ್ಲಿ ರನ್‌ವೇಗೆ ಹಿಂತಿರುಗಲು ಹೋಗಿ, ತೀರಾ ಕೆಳಮಟ್ಟದಲ್ಲಿ ಕಡಿದಾಗಿ ವಾಲಿಸಿ, ವಿಮಾನವನ್ನು ಸ್ಟಾಲ್ ಮಾಡಿದವರು, ಅಂದರೆ ರೆಕ್ಕೆ ಎತ್ತಿ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುವಂತೆ ಮಾಡಿದವರು. 45 ಡಿಗ್ರಿ ವಾಲಿಸಿದರೆ ಸ್ಟಾಲ್ ಆಗುವ ವೇಗ ಶೇ 19ರಷ್ಟು ಏರುತ್ತದೆ, 60 ಡಿಗ್ರಿಗೆ ಶೇ 41ರಷ್ಟು. ನೇರವಾಗಿ ಎದುರಿಗಿರುವ ಜಾಗದಲ್ಲಿ ಇಳಿದವರ ಮುರಿದ ವಿಮಾನಗಳನ್ನು ನಾನು ಬಿಚ್ಚಿದ್ದೇನೆ, ಅವುಗಳ ಪೈಲಟ್‌ಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದರು.

ಮಾವನವರ ಸಲಹೆ ಕೇಳಲು ಸರಿಯಾಗಿದೆ, ಆದರೆ ನಿಮಗೆ ಸಲ್ಲುವುದಿಲ್ಲ. ಎರಡು ಎಂಜಿನ್ನಿನ ಲಘು ವಿಮಾನದಲ್ಲಿ ಒಂದು ನಿಂತರೆ ಶಕ್ತಿ ಅರ್ಧವಾಗುತ್ತದೆ, ಏರುವ ಸಾಮರ್ಥ್ಯ ಮಾತ್ರ ಶೇ 80ರಷ್ಟು ಕುಸಿಯುತ್ತದೆ. ನಮ್ಮ ಎತ್ತರದಲ್ಲಿ, ಬೇಸಿಗೆಯ ಮಧ್ಯಾಹ್ನ, ಉಳಿದದ್ದು ಸೊನ್ನೆಗೆ ಇಳಿಯಬಹುದು. ಒಂದು ಪಕ್ಕದ ಎಂಜಿನ್ ಮಾತ್ರ ಎಳೆಯುತ್ತಿರುವಾಗ ವೇಗ ಕಳೆದುಕೊಂಡರೆ ವಿಮಾನ ಮಗುಚಿಕೊಳ್ಳುತ್ತದೆ. 62 ಗಂಟೆಯ ಪೈಲಟ್‌ಗೆ ನಾನು ಅದನ್ನು ಯಾವ ಕಾರಣಕ್ಕೂ ಹೇಳಲಾರೆ.

ವಯಸ್ಸಿನ ವಿಷಯಕ್ಕೆ ಬರೋಣ. ಕಾರಿಗೂ ವಿಮಾನಕ್ಕೂ ಇಲ್ಲಿ ಹೋಲಿಕೆ ಇಲ್ಲ. ಸೆಸ್ನಾ 172 ಮೊದಲು ಹಾರಿದ್ದು 1955ರಲ್ಲಿ, ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಇಂದು ಜಗತ್ತಿನಲ್ಲಿ ಹಾರುತ್ತಿರುವವುಗಳಲ್ಲಿ 1986ಕ್ಕೆ ಮುಂಚಿನವು ಬಹಳಷ್ಟಿವೆ, ಏಕೆಂದರೆ ಆ ವರ್ಷ ನಿಂತ ತಯಾರಿಕೆ ಮತ್ತೆ ಆರಂಭವಾಗಲು ಹತ್ತು ವರ್ಷ ಹಿಡಿಯಿತು. ವಿಮಾನದ ಮುಖ್ಯ ಭಾಗಗಳಿಗೆ ಗಂಟೆಗಳ ಅಥವಾ ವರ್ಷಗಳ ಲೆಕ್ಕವಿದೆ, ಬದಲಿಸಿದ್ದೆಲ್ಲ ಲಾಗ್‌ಬುಕ್‌ನಲ್ಲಿ ಸಹಿಯೊಂದಿಗೆ ದಾಖಲಾಗಿರುತ್ತದೆ, ಹಾರಲು ಯೋಗ್ಯವೆಂಬ ಪರಿಶೀಲನಾ ಪ್ರಮಾಣಪತ್ರವನ್ನು ವರ್ಷ ವರ್ಷವೂ ನವೀಕರಿಸಬೇಕು. 6,400 ಗಂಟೆ ಈ ಮಾದರಿಗೆ ಹೆಚ್ಚೇನಲ್ಲ. ಲೋಹವನ್ನು ತಿನ್ನುವುದು ತುಕ್ಕು. ಹಾಗಾಗಿ ಅದು ಯಾವ ಊರಿನಲ್ಲಿ, ಹ್ಯಾಂಗರ್‌ನಲ್ಲೋ ಬಯಲಿನಲ್ಲೋ, ಎಷ್ಟು ವರ್ಷ ನಿಂತಿತ್ತು ಎಂದು ಕೇಳಿ. ಹಳೆಯ ವಿಮಾನಗಳಿಗಾಗಿ ಸೆಸ್ನಾ ಕಂಪನಿಯೇ ಹೆಚ್ಚುವರಿ ತಪಾಸಣೆಗಳನ್ನು ಸೂಚಿಸಿದೆ, ಅವು ಆಗಿವೆಯೇ ಎಂಬುದನ್ನು ಲಾಗ್‌ಬುಕ್‌ನಲ್ಲಿ ಹುಡುಕಿ. ಜೊತೆಗೆ ಸೀಟಿನ ಹಳಿಗಳನ್ನು ಕೈಯಿಂದ ಮುಟ್ಟಿ ನೋಡಿ. ಹಳಿಯ ತೂತು ಸವೆದರೆ ಪಿನ್ ಕಚ್ಚುವುದಿಲ್ಲ, ಟೇಕಾಫ್‌ನಲ್ಲಿ ಮೂತಿ ಎತ್ತಿದೊಡನೆ ಪೈಲಟ್‌ನ ಸೀಟು ಹಿಂದಕ್ಕೆ ಜಾರುತ್ತದೆ, ಆತ ಹಿಡಿದ ಕಂಟ್ರೋಲ್ ಕೂಡ ಜೊತೆಗೇ ಹಿಂದಕ್ಕೆ ಬರುತ್ತದೆ, ಮೂತಿ ಇನ್ನಷ್ಟು ಮೇಲೇಳುತ್ತದೆ. ಇದರಿಂದ ಪ್ರಾಣಗಳು ಹೋದ ಮೇಲೆ 1987ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಈ ಹಳಿಗಳ ತಪಾಸಣೆಯನ್ನು ಕಡ್ಡಾಯ ಮಾಡಿತು.

ಈಗ “ಕಡಿಮೆ ಓಡಿದೆ” ಎಂಬ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಹಣ ಮತ್ತು ಪ್ರಾಣ ಎರಡೂ ಇಲ್ಲಿ ಸೇರುತ್ತವೆ.

ಕಾಫಿ ಸೀಸನ್ನಿನಲ್ಲಿ ಎರಡು ತಿಂಗಳು ಓಡಿ ಉಳಿದ ಹತ್ತು ತಿಂಗಳು ಷೆಡ್ಡಿನಲ್ಲಿ ನಿಲ್ಲುವ ಪಲ್ಪರ್ ಯಂತ್ರ ನಿಮ್ಮಲ್ಲಿಯೂ ಇರುತ್ತದೆ. ಅದರ ಬೇರಿಂಗ್ ಕೆಡುವುದು ಓಡುವ ಎರಡು ತಿಂಗಳಿನಲ್ಲಲ್ಲ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 172ಎನ್‌ನಲ್ಲಿರುವುದು 160 ಅಶ್ವಶಕ್ತಿಯ ಲೈಕೋಮಿಂಗ್ ಓ-320-ಎಚ್2ಎಡಿ ಎಂಜಿನ್. ಲೈಕೋಮಿಂಗ್‌ಗಳಲ್ಲಿ ವಾಲ್ವ್‌ಗಳನ್ನು ತೆರೆಸುವ ದಂಡ, ಅಂದರೆ ಕ್ಯಾಮ್‌ಶಾಫ್ಟ್, ಇರುವುದು ಎಂಜಿನ್ನಿನ ಮೇಲ್ಭಾಗದಲ್ಲಿ. ನಿಲ್ಲಿಸಿದ ಕೆಲವು ದಿನಗಳಲ್ಲಿ ಅದರ ಮೇಲಿನ ಆಯಿಲ್ ಪದರ ಕೆಳಗೆ ಇಳಿದುಹೋಗುತ್ತದೆ, ಬರಿ ಉಕ್ಕು ತೇವದ ಗಾಳಿಗೆ ತೆರೆದುಕೊಳ್ಳುತ್ತದೆ. ಮಲೆನಾಡಿನಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವಾಗ ಎಂಜಿನ್ನಿನೊಳಗೆ ಏನಾಗುತ್ತದೆಂದು ಊಹಿಸಿಕೊಳ್ಳಿ.

ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿದರೆ ಈ ತೊಂದರೆ ಪರಿಹಾರವಾಗುವುದಿಲ್ಲ, ಇನ್ನೂ ಹೆಚ್ಚುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಒಂದಿಷ್ಟು ಪಿಸ್ಟನ್ ರಿಂಗ್ ದಾಟಿ ಕ್ರ್ಯಾಂಕ್‌ಕೇಸ್ ಸೇರುತ್ತದೆ. ಹತ್ತು ನಿಮಿಷ ನೆಲದ ಮೇಲೆ ಓಡಿಸಿದರೆ ಆಯಿಲ್ ಬೆಚ್ಚಗಾಗುತ್ತದೆಯೇ ಹೊರತು ಆ ನೀರನ್ನು ಹೊರಗಟ್ಟುವಷ್ಟು ಕಾಯುವುದಿಲ್ಲ, ತಣಿದ ಮೇಲೆ ನೀರು ಒಳಗೇ ಹನಿಗಟ್ಟುತ್ತದೆ. ಆದ್ದರಿಂದಲೇ ಲೈಕೋಮಿಂಗ್ ಕಂಪನಿ ಕನಿಷ್ಠ 30 ದಿನಕ್ಕೊಮ್ಮೆ, ಆಯಿಲ್ ಸುಮಾರು 75ರಿಂದ 93 ಡಿಗ್ರಿ ಸೆಲ್ಸಿಯಸ್‌ಗೆ ಬರುವಂತೆ, ಒಂದು ಗಂಟೆ ಸತತವಾಗಿ ಹಾರಿಸಬೇಕು, ನೆಲದಲ್ಲಿ ಓಡಿಸುವುದು ಅದಕ್ಕೆ ಬದಲಿಯಾಗದು ಎಂದು ಹೇಳುತ್ತದೆ. ಓವರ್‌ಹಾಲ್‌ಗೆ ಗಂಟೆಗಳ ಮಿತಿಯ ಜೊತೆಗೆ 12 ವರ್ಷದ ಮಿತಿಯನ್ನೂ ಅದು ಇಟ್ಟಿದೆ. ನಿಮ್ಮ ಎಂಜಿನ್ ಗಂಟೆಗಳ ಲೆಕ್ಕದಲ್ಲಿ ಅರ್ಧ ಆಯುಷ್ಯವನ್ನೂ ಕಳೆದಿಲ್ಲ, ವರ್ಷಗಳ ಲೆಕ್ಕದಲ್ಲಿ ಅದರ ಅವಧಿ ಮೂರು ವರ್ಷದ ಹಿಂದೆಯೇ ಮುಗಿದಿದೆ.

ಈ ಎಚ್2ಎಡಿ ಮಾದರಿಯ ಬಗ್ಗೆ ಇನ್ನೆರಡು ಮಾತು. ಕ್ಯಾಮ್ ಮತ್ತು ಟ್ಯಾಪೆಟ್ (ಕ್ಯಾಮ್‌ನ ಚಲನೆಯನ್ನು ವಾಲ್ವ್ ಕಡೆಗೆ ದಾಟಿಸುವ ಭಾಗ) ಸವೆತದ ತೊಂದರೆಗೆ ಮೊದಲಿನಿಂದಲೂ ಇದು ಹೆಸರಾದದ್ದು, ಅದಕ್ಕಾಗಿ ಆಯಿಲ್‌ಗೆ ವಿಶೇಷ ದ್ರಾವಣವೊಂದನ್ನು ಬೆರೆಸಲು ಕಂಪನಿ ವಿಧಿಸಿದೆ. ಪ್ರತಿ ಬಾರಿ ಆಯಿಲ್ ಬದಲಿಸಿದಾಗ ಅದನ್ನು ಹಾಕಿದ ದಾಖಲೆ ಇದೆಯೇ ನೋಡಿ. ಎರಡನೆಯದಾಗಿ, ಇಂಥ ಬೇರೆ ಪಿಸ್ಟನ್ ಎಂಜಿನ್‌ಗಳಂತೆ ಇದರಲ್ಲೂ ಪ್ಲಗ್‌ಗಳಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊ ಎರಡು ಇವೆ, ಆದರೆ ಎರಡೂ ಒಂದೇ ಡಬ್ಬಿಯಲ್ಲಿದ್ದು ಒಂದೇ ಡ್ರೈವ್‌ನಿಂದ ತಿರುಗುತ್ತವೆ. ಆ ಡ್ರೈವ್ ಮುರಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಸರಿಯಾಗಿ ನೋಡಿಕೊಂಡ ಎಚ್2ಎಡಿ ಒಳ್ಳೆಯ ಎಂಜಿನ್ನೇ, ನಾನೇ ನೂರಾರು ಗಂಟೆ ಅದರ ಹಿಂದೆ ಕುಳಿತು ಹಾರಿದ್ದೇನೆ. ಆದರೆ ನಿಲ್ಲಿಸಿಟ್ಟರೆ ಅದು ಬಹುಬೇಗ ಕೆಡುತ್ತದೆ.

ಕೆಲವು ವರ್ಷಗಳ ಹಿಂದೆ ಇಂಥದೇ ವಿಮಾನವೊಂದನ್ನು ಖರೀದಿಗೆ ಮುನ್ನ ನೋಡಿಕೊಡಿ ಎಂದು ಒಬ್ಬರು ನನ್ನನ್ನು ಕರೆದರು. ಬಣ್ಣ ಹೊಳೆಯುತ್ತಿತ್ತು, ಸೀಟುಗಳಿಗೆ ಹೊಸ ಹೊದಿಕೆ ಹಾಕಿತ್ತು, ಎಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು, ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ (ಒತ್ತಡವನ್ನು ಸೋರದಂತೆ ಹಿಡಿದಿಡುವ ಶಕ್ತಿ) 80ಕ್ಕೆ 70ರ ಮೇಲಿತ್ತು. ಖರೀದಿದಾರರು ಆಗಲೇ ಸಿಹಿ ಹಂಚುವ ಉತ್ಸಾಹದಲ್ಲಿದ್ದರು. ನಾನು ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ ಬಿಸಿಲಿಗೆ ಹಿಡಿದೆ. ಸೀರೆಯ ಜರಿಯಂತೆ ಸಣ್ಣ ಚೂರುಗಳು ಮಿನುಗಿದವು, ಆಯಸ್ಕಾಂತ ತಂದರೆ ಎದ್ದು ಅಂಟಿಕೊಂಡವು. ಟ್ಯಾಪೆಟ್ ಒಂದನ್ನು ಹೊರತೆಗೆದೆವು. ಕನ್ನಡಿಯಂತಿರಬೇಕಾದ ಅದರ ಮುಖದ ತುಂಬ ಸಿಡುಬಿನ ಕಲೆಯಂಥ ಗುಳಿಗಳಿದ್ದವು, ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಕಂಪ್ರೆಷನ್ ಪರೀಕ್ಷೆ ಕ್ಯಾಮ್‌ನ ಸ್ಥಿತಿಯನ್ನು ತೋರಿಸುವುದೇ ಇಲ್ಲ. ಹಾಗಾಗಿ ಮಾರುವವರು ಕೊಡುವ ಕಂಪ್ರೆಷನ್ ಅಂಕಿಗಳನ್ನು ಮಾತ್ರ ನಂಬಿ ಮುಂಗಡ ಕೊಡಬೇಡಿ. ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಲೈಸೆನ್ಸ್ ಹೊಂದಿದ, ಮಾರುವವರ ಜೊತೆ ಯಾವ ವ್ಯವಹಾರವೂ ಇಲ್ಲದ ಎಂಜಿನಿಯರ್ ಒಬ್ಬರಿಗೆ ನೀವೇ ಶುಲ್ಕ ಕೊಟ್ಟು ಕರೆದುಕೊಂಡು ಹೋಗಿ, ಫಿಲ್ಟರ್ ಕತ್ತರಿಸಿಸಿ, ಟ್ಯಾಪೆಟ್ ಅಥವಾ ಸಿಲಿಂಡರ್ ತೆಗೆಸಿ ಕ್ಯಾಮನ್ನು ಕಣ್ಣಾರೆ ನೋಡಿ.

ಇನ್ನು ನಿಮ್ಮ ಪತ್ರದಲ್ಲಿ ಇಲ್ಲದ ವಿಷಯ. ವಿಮಾನ ಪ್ರಯಾಣ ಬೈಕಿಗಿಂತ ಸುರಕ್ಷಿತ ಎಂಬ ಮಾತನ್ನು ನೀವು ಮನೆಯಲ್ಲಿ ಹೇಳಿದ್ದರೆ ದಯವಿಟ್ಟು ಹಿಂತೆಗೆದುಕೊಳ್ಳಿ. ಅದು ಏರ್‌ಲೈನ್‌ಗಳಿಗೆ ಸಲ್ಲುವ ಮಾತು. ಅಮೆರಿಕದ ಲೆಕ್ಕದಲ್ಲಿ ಖಾಸಗಿ ಹಾಗೂ ಲಘು ವಿಮಾನಗಳ ಹಾರಾಟದಲ್ಲಿ ಪ್ರತಿ 1 ಲಕ್ಷ ಗಂಟೆಗೆ ಸುಮಾರು ಒಂದು ಪ್ರಾಣಾಂತಿಕ ಅಪಘಾತವಾಗುತ್ತದೆ, ಏರ್‌ಲೈನ್‌ಗೆ ಹೋಲಿಸಿದರೆ ಇದು ಹಲವು ಪಟ್ಟು ಹೆಚ್ಚು. ಆದರೆ ಇವುಗಳಲ್ಲಿ ಹೆಚ್ಚಿನವು ನಡೆಯುವುದು ಪೈಲಟ್ ತೆಗೆದುಕೊಂಡ ತೀರ್ಮಾನಗಳಿಂದ: ಇಂಧನ ಅಳೆಯದೆ ಹೊರಡುವುದು, ನೆಂಟರ ಮನೆಯ ಮೇಲೆ ತಗ್ಗಾಗಿ ಹಾರಿ ತೋರಿಸುವುದು, ಮೋಡ ಕಂಡರೂ ಮುಂದುವರಿಯುವುದು. ಈ ಮೂರನೆಯದು ನಮ್ಮ ಸೀಮೆಯ ಪೈಲಟ್‌ಗೆ ಎಲ್ಲಕ್ಕಿಂತ ದೊಡ್ಡ ಶತ್ರು ಎಂಬುದು ನನ್ನ ಖಚಿತ ಅಭಿಪ್ರಾಯ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣಗಳನ್ನು ಮಾತ್ರ ನೋಡಿ ಹಾರುವ ತರಬೇತಿ ಇಲ್ಲದ 20 ಪೈಲಟ್‌ಗಳನ್ನು ಮೋಡದೊಳಗಿನಂಥ ಸ್ಥಿತಿಯಲ್ಲಿ ಹಾರಿಸಿ ನೋಡಿದರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು, ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು. ಇದಕ್ಕೆ ಕಾರಣ ನಮ್ಮ ಒಳಗಿವಿ. ವಿಮಾನ ನಿಧಾನವಾಗಿ ವಾಲುತ್ತಾ ಹೋದರೆ ಅದು ಆ ಚಲನೆಯನ್ನು ಗುರುತಿಸುವುದೇ ಇಲ್ಲ, ಕಣ್ಣಿಗೆ ದಿಗಂತ ಕಾಣದಿದ್ದಾಗ ಮೆದುಳು ಒಳಗಿವಿಯನ್ನೇ ನಂಬುತ್ತದೆ. ನನಗೆ 90 ಗಂಟೆಯ ಅನುಭವವಿದ್ದಾಗ, ಒಂದು ಅಕ್ಟೋಬರ್ ಬೆಳಿಗ್ಗೆ ಹಾಸನ ದಾಟಿ ಪಶ್ಚಿಮಕ್ಕೆ ಹೋಗುವಾಗ, ಎದುರಿನ ಬಿಳಿ ಮೋಡ ತೆಳುವಾಗಿದೆ, ಆಚೆ ಬೆಳಕಿದೆ ಎಂದುಕೊಂಡು ಒಳಗೆ ನುಗ್ಗಿದೆ. ಒಂದು ನಿಮಿಷವೂ ಕಳೆದಿರಲಿಕ್ಕಿಲ್ಲ. ನೇರವಾಗಿಯೇ ಹೋಗುತ್ತಿದ್ದೇನೆ ಎಂದು ಮೈಯೆಲ್ಲ ಹೇಳುತ್ತಿತ್ತು, ದಿಕ್ಸೂಚಿ ಮಾತ್ರ ತಿರುಗುತ್ತಿತ್ತು, ಗಾಳಿಯ ಸದ್ದು ಏರುತ್ತಿತ್ತು. ಮೋಡದ ಅಡಿಯಿಂದ ಹೊರಬಿದ್ದಾಗ ಕೆಳಗೆ ಹೇಮಾವತಿಯ ಹಿನ್ನೀರು, ನೀರಿನ ನಡುವೆ ನಿಂತ ಶೆಟ್ಟಿಹಳ್ಳಿ ಚರ್ಚಿನ ಗೋಡೆಗಳು ಒಂದು ಪಕ್ಕಕ್ಕೆ ಪೂರ್ತಿ ಒರಗಿದ ಹಾಗೆ ಕಂಡವು. ಒರಗಿದ್ದದ್ದು ನನ್ನ ವಿಮಾನ. ಸರಿಪಡಿಸಿಕೊಳ್ಳುವಷ್ಟು ಎತ್ತರ ಅಲ್ಲಿತ್ತು. ಅದೇ ಮೋಡ ಚಾರ್ಮಾಡಿಯಲ್ಲೋ ಬಾಬಾಬುಡನ್‌ಗಿರಿಯ ಸಾಲಿನಲ್ಲೋ ಆಗಿದ್ದರೆ ಮೋಡದೊಳಗೇ ಬೆಟ್ಟ ಇರುತ್ತಿತ್ತು.

ವಿಮಾನದ ಒಡೆತನ ಈ ಅಪಾಯವನ್ನು ಹೆಚ್ಚಿಸುತ್ತದೆ, ಅದಕ್ಕಾಗಿಯೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕ್ಲಬ್ಬಿನ ವಿಮಾನವಾದರೆ ಬೋಧಕರು ಆಕಾಶ ನೋಡಿ ಬೇಡ ಎನ್ನುತ್ತಾರೆ. ಸ್ವಂತದ್ದಾದರೆ ಬೇಡ ಎನ್ನುವವರು ಯಾರೂ ಇಲ್ಲ. ನಮ್ಮಲ್ಲಿ ಹೊರಗೆ ಕಣ್ಣಿಟ್ಟು ನೋಡಿಕೊಂಡು ಹಾರುವ ಕಣ್ಣಳತೆಯ ಹಾರಾಟಕ್ಕೆ ಸೂರ್ಯಾಸ್ತದ ನಂತರ 20 ನಿಮಿಷದ ಮಿತಿಯಿದೆ. ಬೆಂಗಳೂರಿನ ಕೆಲಸ ಸಂಜೆ ನಾಲ್ಕಕ್ಕೆ ಮುಗಿದು, ನಾಳೆ ತೋಟದಲ್ಲಿ ಆಳುಗಳು ಬರುವುದಿದ್ದು, ಪಶ್ಚಿಮದಲ್ಲಿ ಮೋಡ ಕಟ್ಟುತ್ತಿರುವಾಗ “ಒಂದು ಗಂಟೆಯ ದಾರಿ ತಾನೇ” ಎಂದು ಮನಸ್ಸು ಹೇಳುತ್ತದೆ. ಆ ಹೊತ್ತಿನಲ್ಲಿ ವಿಮಾನವನ್ನು ಅಲ್ಲೇ ಬಿಟ್ಟು ರಾತ್ರಿ ಬಸ್ಸಿಗೆ ಹತ್ತುವವರು ನೀವೋ ಅಲ್ಲವೋ ಎಂಬುದನ್ನು ಖರೀದಿಗೆ ಮುನ್ನವೇ ನಿಮ್ಮಲ್ಲಿ ನೀವು ಕೇಳಿಕೊಳ್ಳಬೇಕು.

ಮಲೆನಾಡಿನ ತೇವ ಇನ್ನೊಂದು ರೀತಿಯಲ್ಲೂ ಎಂಜಿನ್ನನ್ನು ನಿಲ್ಲಿಸುತ್ತದೆ. ಕಾರ್ಬ್ಯುರೇಟರ್‌ನ ಕಿರಿದಾದ ಕುತ್ತಿಗೆಯಲ್ಲಿ ಗಾಳಿ ಹಿಗ್ಗುವುದರಿಂದಲೂ ಪೆಟ್ರೋಲ್ ಆವಿಯಾಗುವುದರಿಂದಲೂ ಉಷ್ಣತೆ 20 ಡಿಗ್ರಿಗೂ ಹೆಚ್ಚು ಇಳಿಯಬಹುದು. ಹೊರಗೆ 22 ಡಿಗ್ರಿ ಹಿತವಾದ ಹವೆ ಇರುವಾಗಲೇ ಒಳಗೆ ಮಂಜುಗಡ್ಡೆ ಕಟ್ಟುತ್ತದೆ. ಥ್ರಾಟಲ್ ಇಳಿಸಿ ಕೆಳಗೆ ಬರುವಾಗ ಇದು ಹೆಚ್ಚು. ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಟ್ಯಾಕೋಮೀಟರ್ ಮುಳ್ಳು ಸದ್ದಿಲ್ಲದೆ ಇಳಿಯುವುದೇ ಮೊದಲ ಗುರುತು. ಕಾರ್ಬ್ಯುರೇಟರ್ ಹೀಟ್ ಗುಂಡಿಯನ್ನು ಪೂರ್ತಿ ಎಳೆದಾಗ ಕರಗಿದ ನೀರು ಸಿಲಿಂಡರ್‌ಗೆ ಹೋಗಿ ಎಂಜಿನ್ ಇನ್ನಷ್ಟು ಕೆಮ್ಮುತ್ತದೆ, ಹೊಸಬರು ಗಾಬರಿಯಾಗಿ ಗುಂಡಿಯನ್ನು ಒಳಗೆ ತಳ್ಳಿಬಿಡುತ್ತಾರೆ. ತಳ್ಳಬಾರದು, ಅರ್ಧ ನಿಮಿಷ ತಾಳಬೇಕು.

ತೋಟದ ರನ್‌ವೇ ಬಗ್ಗೆ ನನ್ನ ಉತ್ತರ ಬೇಡ ಎಂದೇ. ಮೂಡಿಗೆರೆ ಸುಮಾರು 3,000 ಅಡಿ ಎತ್ತರದಲ್ಲಿದೆ. ಉಷ್ಣತೆ 30 ಡಿಗ್ರಿ ಇರುವ ಮಾರ್ಚ್ ಮಧ್ಯಾಹ್ನ ಅಲ್ಲಿನ ಗಾಳಿ 5,500 ಅಡಿ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ, ಮುಳ್ಳಯ್ಯನಗಿರಿಯ ನೆತ್ತಿಗಿಂತ ಎಂಟುನೂರು ಅಡಿಯಷ್ಟೇ ಕೆಳಗೆ ನಿಂತ ಹಾಗೆ. ನಿಮ್ಮ 160 ಅಶ್ವಶಕ್ತಿ ಆಗ 130ರ ಆಸುಪಾಸಿಗೆ ಇಳಿದಿರುತ್ತದೆ. ತುಂಬಿದ 172ಎನ್‌ಗೆ ಈ ಸ್ಥಿತಿಯಲ್ಲಿ ನೆಲ ಬಿಟ್ಟು 50 ಅಡಿಯ ಅಡ್ಡಿಯನ್ನು ದಾಟಲು ಬೇಕಾಗುವ ದೂರ 600 ಮೀಟರನ್ನು ಮೀರುತ್ತದೆ. ಅದೂ ಒಣಗಿದ, ಗಟ್ಟಿ, ಸಮತಟ್ಟು ರನ್‌ವೇಯಲ್ಲಿ, ಹೊಸ ವಿಮಾನಕ್ಕೆ. ಹುಲ್ಲಿನ ನೆಲಕ್ಕೆ ಓಟದ ದೂರ ಶೇ 15ರಷ್ಟು ಹೆಚ್ಚುತ್ತದೆ, ಹಳೆಯ ಗದ್ದೆಯ ಮೆತ್ತನೆಯ ಮಣ್ಣಿಗೆ ಇನ್ನೂ ಹೆಚ್ಚು. ನಿಮ್ಮ ಸಿಲ್ವರ್ ಓಕ್ ಮರಗಳು 50 ಅಡಿಗೆ ನಿಂತಿರಲಾರವು, ಕೆಇಬಿ ತಂತಿ ಹಾದುಹೋಗಿದ್ದರೆ ಅದು ಮೇಲಿನಿಂದ ಕಾಣುವುದೂ ಇಲ್ಲ. ಇದರ ಮೇಲೆ ಡಿಜಿಸಿಎ ಮತ್ತು ಜಿಲ್ಲಾಡಳಿತದ ಅನುಮತಿಗಳು, ಪ್ರತಿ ಹಾರಾಟಕ್ಕೆ ಫ್ಲೈಟ್ ಪ್ಲಾನ್, ವಾಯುಸೇನೆಯ ಏರ್ ಡಿಫೆನ್ಸ್ ಕ್ಲಿಯರೆನ್ಸ್. 2025ರ ಜನವರಿ 1ರಿಂದ 1934ರ ಹಳೆಯ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ, ಹಿಂದೆ ಯಾರೋ ತೋಟದಲ್ಲಿ ಇಳಿಸುತ್ತಿದ್ದರು ಎಂಬ ಮಾತನ್ನು ಆಧಾರ ಮಾಡಿಕೊಳ್ಳಬೇಡಿ.

ಇಂಧನವೂ ತೋಟಕ್ಕೆ ಬರುವುದಿಲ್ಲ. ಈ ಎಂಜಿನ್ನಿಗೆ ಬೇಕಾದದ್ದು 100 ಆಕ್ಟೇನಿನ ಏವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲ್. 2022ರಿಂದ ಇಂಡಿಯನ್ ಆಯಿಲ್ ಅದನ್ನು ಗುಜರಾತಿನಲ್ಲಿ ತಯಾರಿಸುತ್ತಿದೆಯಾದರೂ ಸಿಗುವುದು ಕೆಲವೇ ಕಡೆ. ಬಂಕಿನ ಪೆಟ್ರೋಲ್ ಹಾಕಬೇಡಿ. ಅದರಲ್ಲಿ ಈಗ ಶೇ 20ರವರೆಗೂ ಎಥನಾಲ್ ಇದ್ದು, ಅದು ನೀರನ್ನು ಹೀರಿಕೊಳ್ಳುತ್ತದೆ, ರಬ್ಬರ್ ಸೀಲುಗಳನ್ನು ಕೆಡಿಸುತ್ತದೆ. ಬಂಕಿನ ಪೆಟ್ರೋಲಿನಲ್ಲಿ ಓಡುವ ರೋಟ್ಯಾಕ್ಸ್ 912 ಎಂಜಿನ್ನಿನ ಮೈಕ್ರೋಲೈಟ್‌ಗಳಿಗೂ ಕಂಪನಿ ಒಪ್ಪಿರುವುದು ಶೇ 10ರಷ್ಟು ಎಥನಾಲ್ ಮಾತ್ರ. ನಾಲ್ಕು ಸೀಟು ಇದೆ ಎಂದು ನಾಲ್ವರನ್ನು ಕೂರಿಸುವ ಯೋಚನೆಯಿದ್ದರೆ ಅದನ್ನೂ ಲೆಕ್ಕ ಹಾಕಿ: ಟ್ಯಾಂಕ್ ತುಂಬಿದ ಮೇಲೆ ಜನಕ್ಕೂ ಸಾಮಾನಿಗೂ ಸೇರಿ ಉಳಿಯುವುದು ಸುಮಾರು 270 ಕೆ.ಜಿ., ಕಾಫಿ ಮೂಟೆಯ ಲೆಕ್ಕದಲ್ಲಿ ಐದು ಮೂಟೆ.

ಹಾಗಾದರೆ ದಾರಿ ಯಾವುದು? ನಾನು ನಿಮ್ಮ ಜಾಗದಲ್ಲಿದ್ದರೆ ಈ ವರ್ಷ ಕೊಳ್ಳುತ್ತಿರಲಿಲ್ಲ. ಫ್ಲೈಯಿಂಗ್ ಕ್ಲಬ್ಬಿನ ವಿಮಾನದಲ್ಲಿ ಇನ್ನೂ 60, 70 ಗಂಟೆ ಹಾರುತ್ತಿದ್ದೆ, ಅದರಲ್ಲಿ ಕನಿಷ್ಠ ಹತ್ತು ಗಂಟೆ ಬೋಧಕರ ಜೊತೆ ಹೊರನೋಟ ಮರೆಮಾಡುವ ಹುಡ್ ಹಾಕಿಕೊಂಡು ಉಪಕರಣ ನೋಡಿ ಹಾರುವುದನ್ನೂ ಮೋಡ ಕಂಡೊಡನೆ ಹಿಂತಿರುಗುವುದನ್ನೂ ಅಭ್ಯಾಸ ಮಾಡುತ್ತಿದ್ದೆ. ಖರ್ಚಿನ ದೃಷ್ಟಿಯಿಂದಲೂ ಇದೇ ಅಗ್ಗ: ಗಂಟೆಗೆ 30, 35 ಲೀಟರ್ ಇಂಧನ ವಿಮಾನದ ಖರ್ಚಿನಲ್ಲಿ ಸಣ್ಣ ಭಾಗ, ಹ್ಯಾಂಗರ್, ವಿಮೆ, ವಾರ್ಷಿಕ ತಪಾಸಣೆ, ಓವರ್‌ಹಾಲ್‌ಗೆ ಕೂಡಿಡುವ ಹಣ ನೀವು ಹಾರಿದರೂ ಹಾರದಿದ್ದರೂ ಹೋಗುತ್ತಲೇ ಇರುತ್ತವೆ. ಇದರ ಕೊರತೆ ಎಂದರೆ ಬೇಕೆಂದಾಗ ವಿಮಾನ ಸಿಗದಿರುವುದು.

ಎರಡನೆಯ ದಾರಿ, ನನಗೆ ನಿಜಕ್ಕೂ ಇಷ್ಟವಾದದ್ದು, ಪಾಲುದಾರಿಕೆ. ನಾಲ್ವರು ಸೇರಿ ಕೊಂಡು ತಲಾ 50 ಗಂಟೆ ಹಾರಿದರೆ ವರ್ಷಕ್ಕೆ 200 ಗಂಟೆ, ಕ್ಯಾಮ್‌ಶಾಫ್ಟ್‌ನ ಮೇಲೆ ಆಯಿಲ್ ಎಂದೂ ಒಣಗುವುದಿಲ್ಲ. ವಿಮಾನ ಬೆಂಗಳೂರಿನ ಜಕ್ಕೂರಿನಲ್ಲೋ ಮೈಸೂರಿನ ಮಂಡಕಳ್ಳಿಯಲ್ಲೋ, ಎಂಜಿನಿಯರ್ ಮತ್ತು ಇಂಧನ ಎರಡೂ ಹತ್ತಿರ ಇರುವ ಕಡೆ ನಿಲ್ಲಲಿ. ಹಾಸನದ ಬೂವನಹಳ್ಳಿ ನಿಲ್ದಾಣದಲ್ಲಿ ಲಘು ವಿಮಾನಗಳಿಗೆ ಜಾಗ ಸಿಗುವ ದಿನ ಬಂದರೆ ಆಗ ಮತ್ತೆ ಯೋಚಿಸಬಹುದು. ಪಾಲುದಾರಿಕೆ ಮುರಿಯುವುದು ಸಾಮಾನ್ಯವಾಗಿ ಹಣಕ್ಕಾಗಿ, ಅದರಲ್ಲೂ ಒಬ್ಬರು ಹಾಳು ಮಾಡಿದ್ದನ್ನು ಯಾರು ಭರಿಸಬೇಕು ಎಂಬ ಮಾತಿಗೆ. ಅದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇರುವ ಸಿರಸ್‌ನಂಥ ವಿಮಾನಗಳನ್ನೂ ಯಾರಾದರೂ ನಿಮಗೆ ಸೂಚಿಸಬಹುದು. ಪ್ಯಾರಾಚೂಟ್ ಜೀವ ಉಳಿಸಿದ ಉದಾಹರಣೆಗಳು ನಿಜವಾಗಿಯೂ ಇವೆ, ಎತ್ತರ ಇರುವಾಗ ಎಳೆದರೆ. ಆದರೆ ಆ ವಿಮಾನ ವೇಗವಾದದ್ದು, ಹೊಸಬರಿಗೆ ಅದು ಸುಲಭವಲ್ಲ, ಬೆಲೆಯೂ ಬೇರೆ ಮಟ್ಟದ್ದು.

ಇಷ್ಟೆಲ್ಲ ಓದಿಯೂ ಇದೇ ವಿಮಾನ ಬೇಕೆನಿಸಿದರೆ, ಎಂಜಿನ್ ಓವರ್‌ಹಾಲ್‌ನ ಪೂರ್ತಿ ವೆಚ್ಚವನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಟ್ಯಾಪೆಟ್ ತೆಗೆದು ತೋರಿಸಲು ಮಾರುವವರು ಒಪ್ಪದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಒಪ್ಪಿದರೆ ಟ್ಯಾಪೆಟ್ ಮುಖದ ಫೋಟೊ, ಕತ್ತರಿಸಿದ ಫಿಲ್ಟರಿನ ಫೋಟೊ ಮತ್ತು ಎಂಜಿನ್ ಲಾಗ್‌ಬುಕ್‌ನ ಕಳೆದ ಐದು ವರ್ಷದ ಪುಟಗಳನ್ನು ನನಗೆ ಕಳಿಸಿ, ನೋಡಿ ಹೇಳುತ್ತೇನೆ. ಅವಸರ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಹೇಗಿದ್ದರೂ ಹಾರಲಾಗುವುದಿಲ್ಲ. ಮುಂದಿನ ಸಲ ಕ್ಲಬ್ಬಿಗೆ ಹೋಗುವಾಗ ಅಮ್ಮನವರನ್ನೂ ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಅವರಿಗೆ ಮನಸ್ಸಿದ್ದರೆ ಬೋಧಕರು ಪಕ್ಕದಲ್ಲಿ ಕುಳಿತಿರುವಾಗ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ರನ್‌ವೇ ಹತ್ತಿರವೇ ನೆಲದಿಂದ 3,000 ಅಡಿ ಮೇಲೇರಿ, ಥ್ರಾಟಲನ್ನು ಪೂರ್ತಿ ಹಿಂದಕ್ಕೆ ಎಳೆದು ತೋರಿಸಿ. ಸದ್ದು ಅಡಗಿದ ಆ ನಾಲ್ಕು ನಿಮಿಷಗಳಲ್ಲಿ ವಿಮಾನ ಹೇಗೆ ಇಳಿಯುತ್ತದೆಂದು ಅವರೇ ನೋಡಲಿ.